ತುಂಬೋತನಕ ನಿಂತ ಟೆಂಪೋ

ಕುಂದ್ರಿ, ಕಾಲು ಚಾಚಿ ಆರಾಮ ಕುಂತು ಕೇಳ್ರಿ. ನನ್ನ ತಮ್ಮನ ಮಗಳಿಗೆ ಹೆಸರಿಡೋ ದಿನ ಬ್ಯಾಡಗಿಗೆ ಹೊಂಟಿದ್ದೆ. ಕೂಸಿನ ಕಿವ್ಯಾಗ ಹೆಸರು ಹೇಳಾಕಿ ಸೋದರತ್ತಿ, ಅಂದ್ರ ನಾನು. ತಡ ಆದ್ರ ಬ್ಯಾರೆ ಯಾರರೆ ಹೇಳಿಬಿಡ್ತಾರ ಅಂತ ಜೀವ ಚಡಪಡಿಸತಿತ್ತು.

ಹಾವೇರ್ಯಾಗ ಟೆಂಪೋ ಹತ್ತಿದ್ರ ಡ್ರೈವರ್ ಬಸಣ್ಣ, "ತುಂಬಿದ ಮ್ಯಾಲ ಬಿಡತೇನಿ ಯವ್ವಾ," ಅಂದ.

ಬಾಜೂಕ ರಾಣೆಬೆನ್ನೂರಿನವ ಒಬ್ಬ ಕುಂತಿದ್ದ, ಸರಕಾರದ ರಾಕೆಟ್ ಕಾರಖಾನ್ಯಾಗ ಇರಾಂವ. "ನಮ್ಮ ರಾಕೆಟ್ ಒಮ್ಮೆ ಹೋದ್ರ ಸಮುದ್ರಕ್ಕ ಬೀಳತಾವ್ರಿ. ಹೊರದೇಶದ ಖಾಸಗಿ ಕಂಪನಿಯವರು ಹೋದದ್ದನ್ನ ವಾಪಸ್ ತಂದು ಮತ್ತ ಹಾರಸತೇವಿ, ಸೋವಿ ಆಗತೈತಿ ಅನ್ನಾಕತ್ಯಾರ," ಅಂದ.

"ಖಾಸಗಿ ಅಂದ್ರ ಹಂಗ," ಅಂತ ಬಸಣ್ಣ ಮೀಸಿ ತಿರುವಿದ.

"ಅವರ ರಾಕೆಟ್ಟೂ ತುಂಬೋತನಕ ನಿಂದರತೈತೇನಪಾ?" ಅಂತ ಕೇಳಿದೆ.

"ನಿಂದರಬೇಕಲ್ರಿ ಅಮ್ಮಾ, ಖಾಲಿ ಹೋದ್ರ ಅವರಿಗೆ ಗಿಟ್ಟೂದಿಲ್ಲ," ಅಂದ ರಾಕೆಟ್ಟಿನಾಂವ.

ಕೇಳಿದ್ದ ತಡ, ಇಳದು ಸರಕಾರಿ ಬಸ್ ಹತ್ತಿದೆ. ಅದು ವ್ಯಾಳ್ಯಾಕ್ಕ ಬಿಟ್ಟು, ಮೋಟೆಬೆನ್ನೂರ ಹತ್ರ ಹೊಗಿ ಉಗುಳಿ ನಿಂತಬಿಡ್ತು. ಹಿಂದಿಂದ ಬಸಣ್ಣನ ಟೆಂಪೋ ಬಂತು.

"ಸರಕಾರದ್ದು ಸಮುದ್ರಕ್ಕ ಬಿತ್ತೇನಬೇ ಯವ್ವಾ? ಹತ್ತು, ನಿನ್ನ ಜಾಗಾದಾಗ ಕುಂತಾಂವ ಈಗಷ್ಟ ಇಳದ, ಅದೊಂದ ಖಾಲಿ ಐತಿ."

ಮನಿಗೆ ಹೋಗೂದರಾಗ ತಮ್ಮನ ನಾದಿನಿ ತೊಟ್ಟಿಲಕ್ಕ ಬಗ್ಗಿದ್ಳು. ಆಕಿನ್ನ ಸರಿಸಿ ನಾನ ಹೆಸರು ಹೇಳಿದೆ.

ಬಸಣ್ಣ ಮುಂದ ಸರಕಾರಿ ಬಸ್ಸಿನ ಡ್ರೈವರ್ ಆದ, ಈಗ ಪಿಂಚಣಿ ದಾರಿ ನೋಡಾಕತ್ಯಾನ. ರಾಕೆಟ್ಟಿನಾಂವ ಮತ್ತ ಸಿಗಲಿಲ್ಲ. ತಮ್ಮನ ನಾದಿನಿ ಇನ್ನೂ ನನ್ನ ಕೂಡ ಸೆಟಗೊಂಡ ಇದ್ದಾಳ. ಕೂಸು ದೊಡ್ಡಾಕಿ ಆಗಿ, ಖಾಸಗಿಯವರ ರಾಕೆಟ್ ವಾಪಸ್ ಬಂದು ನೆಟ್ಟಗ ನಿಂತದ್ದನ್ನ ಮೊನ್ನೆ ಮೊಬೈಲ್‌ನ್ಯಾಗ ತೋರಿಸಿದ್ಳು. ಹೊರಡಾಕ ಎಷ್ಟೊತ್ತು ಕಾದಿತ್ತು ಅಂತ ಕೇಳಿದೆ.

"ಅದನ್ನ ತೋರಿಸಿಲ್ಲ ಅತ್ತಿ," ಅಂದ್ಳು.