ಅನ್ನದ ಮೇಲೆ ಸಿಟ್ಟಾದವರು

ಭತ್ತದ ವಂಶವಾಹಿ ಸಂಶೋಧಕ ಗುರುಪಾದಯ್ಯನವರು ವಿಜಯಪುರದಲ್ಲಿ ಸಿಟ್ಟಾದರೆ ತಿಕೋಟಾದ ಹಸಿ ದ್ರಾಕ್ಷಿ ಸಂಜೆಯೊಳಗೆ ಒಣಗಿ ಮಣೂಕ ಆಗುತ್ತದೆ. ನಾನು ಕಣ್ಣಾರೆ ಕಂಡಿಲ್ಲ, ಆದರೆ ಆಣೆ ಮಾಡಬಲ್ಲೆ. “ಜ್ವಾಳದ ನಾಡಾಗ ಭತ್ತದ ಸಂಶೋಧನೆ ಯಾಕ್ರಿ ಸರ?” ಎಂದು ಯಾರಾದರೂ ಕೇಳಿದರೆ ಮುಗಿಯಿತು. “ರೊಟ್ಟಿ ತಿನ್ನಾವ್ರು ಅನ್ನ ಉಣಬಾರದಂತ ಯಾವ ಕಲ್ಲಿನ ಮ್ಯಾಲ ಕೆತ್ಯಾರ್ರಿ?” ಎಂದು ಮೈಮೇಲೆ ಏರಿ ಬರುತ್ತಾರೆ. ಬಬಲೇಶ್ವರದ ಮದುವೆಯೊಂದರಲ್ಲಿ ಬಡಿಸುವವನ ಕೈ ಹಿಡಿದು, “ಲೇ, ಇದು ಅನ್ನ ಅಲ್ಲ, ಬರೇ ಸಕ್ಕರಿ! ವಯಸ್ಸಾದವ್ರ ಎಲಿಗೆ ಹಾಕಬ್ಯಾಡ” ಎಂದು ಗದರಿದ ಸದ್ದಿಗೆ ಮದುಮಗನೂ ಅರ್ಧ ಊಟದಲ್ಲೇ ಕೈ ತೊಳೆದ. ಅವರ ಹಟ ಒಂದೇ: ಉಂಡರೆ ರಕ್ತದಲ್ಲಿ ಸಕ್ಕರೆ ಏರಿಸದ ಭತ್ತದ ತಳಿ. ವರ್ಷಗಟ್ಟಲೆ ದುಡಿದರೂ ಸಕ್ಕರೆ ಇಳಿದರೆ ಅನ್ನ ಬಾಯಿಗಿಡಲಾಗದಷ್ಟು ಗಟ್ಟಿ, ಅನ್ನ ಮೆತ್ತಗಾದರೆ ಸಕ್ಕರೆ ಬೆನ್ನಿಗೇ ಹಾಜರು. ಪ್ರಯೋಗಾಲಯದ ಸಿಟ್ಟನ್ನೆಲ್ಲ ಹೊತ್ತು ಮನೆಗೆ ಬಂದರೆ ಪಡಸಾಲೆಯಲ್ಲಿ ತಾಯಿ ಗುರುಸಿದ್ದವ್ವ ಕೂತಿರುತ್ತಾರೆ. ಹಲ್ಲಿಲ್ಲ, ರೊಟ್ಟಿ ಅಗಿಯಲಾರರು. ಸಕ್ಕರೆ ಕಾಯಿಲೆ, ಡಾಕ್ಟರು ಅನ್ನ ಬಿಡಿಸಿದ್ದಾರೆ. “ಇನ್ನೂ ಆಗಿಲ್ಲೇನಪಾ ನಿನ್ನ ಅನ್ನ? ಮಸರಂತೂ ತಯಾರ್ ಐತಿ” ಎನ್ನುತ್ತಾರೆ. ಊರಿಗೆಲ್ಲ ಎದುರುತ್ತರ ಕೊಡುವವರು ಆಗ ಸೀದಾ ಮಾಳಿಗೆ ಹತ್ತಿ, ಅಲ್ಲಿ ಟಬ್ಬುಗಳಲ್ಲಿ ಬೆಳೆಸಿದ ಭತ್ತದ ಸಸಿಗಳ ಮೇಲೆ ಹರಿಹಾಯುತ್ತಾರೆ: “ನಿಮಗೇನ್ರಲೇ ಅವಸರ, ವರ್ಷಾ ವರ್ಷಾ ಹುಟ್ಟತೀರಿ. ನಮ್ಮವ್ವಗ ಎಂಬತ್ತು ದಾಟ್ಯಾವು!”