ಪಾಲಾದ ಓಲೆಗರಿ ಕಟ್ಟು

ಆಗ ನನಗೆ ಹದಿನೇಳು. ಅದಾಗಿ ಅರವತ್ತೈದು ವರ್ಷದ ಮೇಲಾಯಿತು. ಸೊರಬಕ್ಕೆ ಸೊಸೆಯಾಗಿ ಬಂದ ಮೊದಲ ಚಳಿಗಾಲ. ದೇವರ ಗೂಡಿನಲ್ಲಿ ಕೆಂಪು ಬಟ್ಟೆ ಸುತ್ತಿದ ಓಲೆಗರಿ ಕಟ್ಟೊಂದಿತ್ತು. ಓದಿದರೆ ಯಾರಿಗೂ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದ ಅದು ಮಂತ್ರವೇ ಸೈ ಎಂದು ಹಿರಿಯರು ತೀರ್ಮಾನಿಸಿದ್ದರು. ಕಾಗೆ ಕೂಗುವ ಮೊದಲು ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಅದಕ್ಕೆ ಹೂ ಏರಿಸುವುದು ಸೊಸೆಯ ಕೆಲಸ. ನನ್ನ ಕೆಮ್ಮು ಎದೆಗಿಳಿದಿತ್ತು. ಬಿಸಿನೀರು ಕೇಳಿದರೆ ಅತ್ತೆ, ಮಡಿ ಕೆಡುತ್ತದೆ ಎನ್ನುತ್ತಿದ್ದರು. ಆ ಚಳಿ ದಾಟುತ್ತೇನೋ ಇಲ್ಲವೋ ಎಂದು ನನಗೇ ಅನುಮಾನ.

ಹಳೆಯ ಓಲೆಗರಿಗಳ ಪಟ್ಟಿ ಮಾಡುವ ಮೇಷ್ಟರೊಬ್ಬರು ಊರೂರು ತಿರುಗುತ್ತಿದ್ದರು. ಗರಿಯ ಉದ್ದ, ಅಗಲ, ದಾರದ ತೂತು ಎಲ್ಲಿದೆ, ಗರಿಗೆ ಹಾಕಿದ ಅಂಕಿ, ಎಲ್ಲ ಬರೆದುಕೊಂಡು ಹೋಗಿದ್ದರು. ತಿಂಗಳಾದ ಮೇಲೆ ಮತ್ತೆ ಬಂದರು, ಶಿಕಾರಿಪುರದ ನಮ್ಮ ದಾಯಾದಿ ಅಜ್ಜನ ಜೊತೆ. ಕನ್ನಡನಾಡು ಆಗತಾನೆ ಒಂದಾಗಿತ್ತು, ಆ ಮನೆಗೂ ನಮಗೂ ಮಾತ್ರ ಮೂರು ತಲೆಮಾರಿನಿಂದ ಮಾತಿಲ್ಲ. ತಮ್ಮ ಮನೆಯಲ್ಲೂ ಪೂಜೆಗಿಟ್ಟಿದ್ದ ಇಂಥದೇ ಕಟ್ಟನ್ನು ಮೇಷ್ಟರ ಕೈಗೆ ಕೊಡಲೊಪ್ಪದೆ ಅಜ್ಜ ತಾನೇ ಹೊತ್ತು ತಂದಿದ್ದ. ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತ, ನೀರೂ ಮುಟ್ಟಲಿಲ್ಲ.

ಪಟ್ಟಿಯಲ್ಲಿ ಎರಡು ಕಟ್ಟಿನ ಅಳತೆಯೂ ತೂತೂ ಒಂದೇ ಆಗಿದ್ದವಂತೆ. ಅಲ್ಲಿಯ ಗರಿಗಳ ಅಂಕಿ ಒಂದು, ಮೂರು, ಐದು. ನಮ್ಮದರಲ್ಲಿ ಎರಡು, ನಾಲ್ಕು, ಆರು. ನಮ್ಮ ಪುಣ್ಯಾತ್ಮರು ಪಾಲಾಗುವಾಗ ತಪ್ಪಲೆ ಚೊಂಬಿನ ಜೊತೆ ಪುಸ್ತಕವನ್ನೂ ನಿನಗೊಂದು ಗರಿ, ನನಗೊಂದು ಗರಿ ಎಂದು ಹಂಚಿಕೊಂಡಿದ್ದರು. ಮೋಸ ಆಗಬಾರದಲ್ಲ.

ಮೇಷ್ಟರು ಅಲ್ಲಿಯದೊಂದು ಇಲ್ಲಿಯದೊಂದು ಗರಿ ಸೇರಿಸಿ ಓದಿದರು. ಲದ್ದಿ ಕಟ್ಟಿಕೊಂಡ ಕುದುರೆಗೆ ಏನು ಕುಡಿಸಬೇಕು, ಕುಡಿಸಿದ ಮೇಲೆ ಅದರ ಹಿಂದೆ ಯಾಕೆ ನಿಲ್ಲಬಾರದು ಎಂದಿತ್ತು. ಇಂಥದ್ದು ಸಿಗುವುದೇ ಅಪರೂಪ ಎನ್ನುತ್ತಾ ಮೇಷ್ಟರು ಅದನ್ನು ಪಟ್ಟಿಗೆ ಬರೆದುಕೊಂಡರು. ಎರಡು ಮನೆಯಲ್ಲೂ ಕುದುರೆಯ ಬಾಲದ ಕೂದಲೂ ಇರಲಿಲ್ಲ.

ಅತ್ತೆ ಅಜ್ಜನನ್ನು ಕೇಳಿದರು, "ನಿಮ್ಮನೇಲಿ ಪೂಜೆ ನಿಲ್ಲಿಸ್ತೀರೇನ್ರೀ?"

"ನೀವು ಮೊದ್ಲು ನಿಲ್ಲಸ್ರಿ, ಆಮ್ಯಾಲೆ ನೋಡಾನ."

"ನಾವ್ಯಾಕ್ ಮೊದ್ಲು ನಿಲ್ಲಿಸ್ಬೇಕು?"

ಇವರು ಹೀಗೇ ಜಿದ್ದಿಗೆ ಬಿದ್ದರೆ ನಾನು ಸತ್ತೆ ಎಂದುಕೊಂಡೆ. ಬಾಗಿಲ ಸಂದಿಯಿಂದಲೇ ಹೇಳಿದೆ, "ಪೂಜೆ ನೀವೇ ಮಾಡ್ಕಳಿ ಅತ್ತೆ. ಕುದುರೆ ಲದ್ದಿಗೋಸ್ಕರ ನಾನು ತಣ್ಣೀರು ಸುರ್ಕಳಲ್ಲ."

ಅಜ್ಜ ಕಿಸಕ್ಕನೆ ನಕ್ಕ. ಅತ್ತೆಗೆ ನನ್ನ ಮಾತಿಗಿಂತ ಆ ನಗುವೇ ಹೆಚ್ಚು ಉರಿಯಿತು. ಸಂಜೆಯೆಲ್ಲ ನನ್ನ ಮುಖ ನೋಡಲಿಲ್ಲ. ಗಂಡ ಎನ್ನಿಸಿಕೊಂಡವನು ಕೊಟ್ಟಿಗೆಗೆ ಹೋಗಿ ಕೂತ.

ಮರುದಿನ ಹೊತ್ತೇರಿದ ಮೇಲೆ ಎದ್ದೆ. ಬಚ್ಚಲ ಒಲೆಗೆ ಉರಿ ಹಾಕಿ, ಹಂಡೆ ಖಾಲಿಯಾಗುವವರೆಗೆ ಮಿಂದೆ.