ಕರೋಶಿಯ ಕಾರಿಗೆ ಶಾಫ್ಟ್ ಹುಡುಕುತ್ತ ಐದು ದಿನ

ಚಿಕ್ಕೋಡಿಯಲ್ಲಿ ಬೆಳಗಿನ ಏಳು ಗಂಟೆಯ ನಿಪ್ಪಾಣಿ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಎದೆಮಟ್ಟದ ಒಂದು ಕಬ್ಬಿತ್ತು. ಹೆಗಲ ಚೀಲದಲ್ಲಿ ಬಟ್ಟೆ ಒಗೆಯುವ ಸಾಬೂನಿನ ಒಂದು ತುಂಡು, ಮುರಿದ ಒಂದು ಕಬ್ಬಿಣದ ಕೀಲು. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ರಿ ಮಾಸ್ತರ್ರ, ನಿಪ್ಪಾಣ್ಯಾಗ ಕಬ್ಬ ಸಿಗಂಗಿಲ್ಲೇನ್ರಿ?" ಎಂದ. ಬಸ್ಸೆಲ್ಲ ನಕ್ಕಿತು. ಎಂಬತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ನನಗೆ ನಗು ಬರುವ ಸ್ಥಿತಿ ಇರಲಿಲ್ಲ.

ಕರೋಶಿಯ ಪಾಯಪ್ಪಣ್ಣ ಕಬ್ಬು, ತಂಬಾಕು ಬೆಳೆಯುವ ಜೈನ ಮನೆತನದವರು, ನನಗಿಂತ ಹತ್ತು ವರ್ಷ ಹಿರಿಯರು. ಅವರ ತಂದೆ ಕೊಲ್ಲಾಪುರದಿಂದ ತಂದಿದ್ದ ಹಳೆಯ ಅಮೆರಿಕನ್ ಕಾರೊಂದು ಅವರ ಮನೆಯಲ್ಲಿತ್ತು. ನನ್ನ ಮಗಳ ಮದುವೆಗೆ ಅದನ್ನು ಅವರೇ ಕರೆದು ಕೊಟ್ಟರು. ಅವರಿಗೆ ಅದೇ ವಾರ ಮಿರಜಿನಲ್ಲಿ ಕಣ್ಣಿನ ಆಪರೇಷನ್. "ಲಗ್ನಾ ಮುಗಿಸಿಕೊಂಡ ಅದರಾಗನ ಮಿರಜಿಗೆ ಬಾ. ನನ್ನ ಗಾಡ್ಯಾಗ ನಾ ಮನಿಗಿ ಬರಾಂವ" ಎಂದು ಹೇಳಿ ಹೋಗಿದ್ದರು. ಮಗಳನ್ನು ಗಂಡನ ಮನೆಗೆ ಮುಟ್ಟಿಸಿ ಮರಳುವಾಗ ಚಿಕ್ಕೋಡಿಯ ಏರಿನಲ್ಲಿ ಗೇರ್‌ಬಾಕ್ಸ್ ಪುಡಿಪುಡಿಯಾಯಿತು. ಪಾಯಪ್ಪಣ್ಣನನ್ನು ಕರೆತರಲು ಉಳಿದದ್ದು ಆರು ದಿನ.

ಹುಸೇನ್ ಮಿಸ್ತ್ರಿ ತನ್ನ ಗ್ಯಾರೇಜಿನಲ್ಲಿದ್ದ ಜೀಪಿನ ಗೇರ್‌ಬಾಕ್ಸನ್ನು ಒಂದೇ ದಿನದಲ್ಲಿ ಕೂರಿಸಿಬಿಟ್ಟ. ಆದರೆ ಅದರಿಂದ ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಎರಡೂ ಕಡೆ ಹೊಂದಲಿಲ್ಲ. ಮುಂದಿನ ತುದಿಗೆ ಯೋಕ್ ಎಂಬ ಎರಡು ಕೊಂಬಿನ ತುಂಡು ಬೇಕು; ಅದರ ಒಳಹಲ್ಲು ಗೇರ್‌ಬಾಕ್ಸಿನ ಹಲ್ಲಿಗೆ ಸರಿಹೋಗಬೇಕು. ಹಿಂದಿನ ತುದಿಯ ಕೂಡಿಸುವ ಚಿಹ್ನೆಯ ಆಕಾರದ ಕೀಲು, ಅಂದರೆ ಕ್ರಾಸ್, ಮುರಿದಿತ್ತು; ಅಲ್ಲಿಗೆ ಹೊಸದು ಬೇಕು. ಆಮೇಲೆ ಹೊಸ ಅಳತೆಗೆ ಕೊಳವೆ ಕತ್ತರಿಸಿ, ತುದಿಗಳನ್ನು ಬೆಸೆದು ಶಾಫ್ಟ್ ಮಾಡಬೇಕು. ಮಿಸ್ತ್ರಿ ಹಲ್ಲುಗಳ ಅಚ್ಚನ್ನು ಸಾಬೂನಿನಲ್ಲಿ ಒತ್ತಿ ಕೊಟ್ಟ. ಉದ್ದವನ್ನು ಟೇಪಿನಲ್ಲಿ ಬರೆದುಕೊಳ್ಳಹೋದರೆ ತಡೆದ. "ಇಂಚ ಸೂತ ಬ್ಯಾಡ್ರಿ. ಒಬ್ಬೊಬ್ಬರ ಟೇಪ ಒಂದೊಂದ ಹೇಳತೈತಿ. ಕೋಲ ಒಯ್ರಿ." ನಮ್ಮ ಕಡೆಯ ಮಿಸ್ತ್ರಿಗಳ ಪದ್ಧತಿಯೇ ಹಾಗೆ. ಕೋಲು ಕಾಣಲಿಲ್ಲ. ಹಾದಿಯಲ್ಲಿ ಹೊರಟಿದ್ದ ಬಂಡಿಯಿಂದ ಒಂದು ಕಬ್ಬು ಜಗ್ಗಿಕೊಂಡೆ, ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ನಾನೇ ತೂರಿ ಅಳತೆಗೆ ಕೊಯ್ದೆ. ಗಣಿತ ಕಲಿಸುವವನ ಅಳತೆ ಎಂದು ಮಿಸ್ತ್ರಿ ಒಪ್ಪಿಬಿಟ್ಟ.

ನಿಪ್ಪಾಣಿ ಒಂದು ಗಂಟೆಯ ಹಾದಿ. ಇಳಿದ ಕೂಡಲೇ ತಂಬಾಕಿನ ಘಾಟಿಗೆ ಸೀನು ಬಂತು. ಹೆದ್ದಾರಿ ಬದಿಯ ಗುಜರಿ ಅಂಗಡಿಯ ದತ್ತೂ, "ಯಾ ಮಾಸ್ತರ, ಬಸಾ" ಎಂದು ಮರಾಠಿಯಲ್ಲಿ ಕರೆದು ಟೈರಿನ ಮೇಲೆ ಕೂರಿಸಿದ. ಸಾಬೂನನ್ನು ಹಿಡಿದು ರಾಶಿಯ ಮೇಲೆ ಹತ್ತಿದ. ಒಂದೊಂದೇ ಯೋಕ್ ತೆಗೆದು ಹಲ್ಲೆಣಿಸುತ್ತ ಬಿಸಾಡಿದ. ಊಟದ ಹೊತ್ತಿಗೆ ಅವನ ಅಂಗಿ ಎಣ್ಣೆಮಯವಾಗಿತ್ತು. ಕೊನೆಗೆ ಒಂದು ಯೋಕ್ ಸಾಬೂನಿನಲ್ಲಿ ಗಕ್ಕನೆ ಕೂತಿತು.

"ಅರ್ಧ ದಿನ ಕೆಡಿಸಿದೆ ನಿಮ್ಮದು" ಎಂದೆ.

"ಬಿಡ್ರಿ. ಈ ರಾಶಿ ಒಳಗ ಏನೇನ ಐತಿ ಅಂತ ನನಗೂ ಇವತ್ತ ತಿಳೀತು" ಎಂದು ಹಲ್ಲು ಕಿಸಿದ. ಅವನ ಮನೆಯಿಂದ ಬಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲಿ ನನಗೂ ಪಾಲು ಸಿಕ್ಕಿತು.

ಎರಡನೆಯ ದಿನ ರಾಯಬಾಗ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯವರು ನನ್ನ ಮುರಿದ ಕ್ರಾಸನ್ನು ಹದಿಮೂರು ಹೊಸ ಕ್ರಾಸುಗಳ ಪಕ್ಕ ಹಿಡಿದು ನೋಡಿದರು. ಕೆಲವು ಕೂದಲೆಳೆಯಷ್ಟು ಸಣ್ಣವು, ಕೆಲವು ಒಂದು ನೂಲಿನಷ್ಟು ದೊಡ್ಡವು. ನನ್ನ ಮುಖ ನೋಡಲಾರದೆ, ಹೊತ್ತು ಮುಳುಗುವ ಮೊದಲೇ ಉಣ್ಣುವ ಅವರ ಮನೆಯಲ್ಲಿ ಸಂಜೆ ಐದಕ್ಕೇ ಎಲೆ ಹಾಕಿಸಿದರು. "ಅಥಣ್ಯಾಗ ಗಂಗವ್ವ ಅಂತ ಅದಾಳ್ರಿ. ಆಕಿ ಇಲ್ಲಂದ್ರ ಮುಂದ ಯಾರೂ ಇಲ್ಲ" ಎಂದರು. ಆ ಕೊನೆಯ ಮಾತು ಅಂದು ನಿದ್ದೆಗೆಡಿಸಿತು.

ಮರುದಿನ ಕೃಷ್ಣೆ ದಾಟಿ ಅಥಣಿ ಮುಟ್ಟಿದೆ. ಗಂಡ ತೀರಿದ ಮೇಲೆ ಲಾರಿ ಗ್ಯಾರೇಜು ನಡೆಸುತ್ತಿದ್ದ ಗಂಗವ್ವ ಸೆರಗು ಸಿಕ್ಕಿಸಿಕೊಂಡು ಗ್ರೀಸು ತಿಕ್ಕುತ್ತಿದ್ದಳು. ಕ್ರಾಸನ್ನು ಅಂಗೈಯಲ್ಲಿಟ್ಟು ಎರಡು ಸಲ ತೂಗಿದಳು.

"ಯುದ್ಧಕಾಲದ ಲಾರಿಗೂ ಇದ ಬರತಿತ್ತು. ನಮ್ಮವರು ಒಂದ ಇಟ್ಟಿದ್ರು" ಎಂದು ಒಳಗೆ ಹೋದಳು. ಹೊರಬಂದಾಗ ಅವಳ ಕೈಯಲ್ಲಿ ಗ್ರೀಸು ಮೆತ್ತಿದ ಅರಿವೆಯ ಗಂಟಿತ್ತು. ಬಿಚ್ಚಿದರೆ ಥಳಥಳ ಹೊಳೆಯುವ ಕ್ರಾಸು, ನನ್ನದರ ಅವಳಿ.

"ಕೊಟ್ಟಬಿಡತೀಯೇನವ್ವಾ?"

"ಬಳಸಾಕಂತನ ಇಟ್ಟಿದ್ರಲ್ಲೋ ಯಪ್ಪಾ. ಪೂಜಾ ಮಾಡಾಕ ಅಲ್ಲ."

ಆ ಗಂಟು ಕಟ್ಟಿದ್ದ ಕೈ ಯಾರದೆಂದು ಬಲ್ಲವಳು ಹಾಗೆ ಸಲೀಸಾಗಿ ಬಿಚ್ಚಿಕೊಟ್ಟದ್ದನ್ನು ನಾನು ಇಂದಿಗೂ ಮರೆತಿಲ್ಲ. ಬೆಲೆಗಿಂತ ದೊಡ್ಡ ಉಪಕಾರ ಅದು.

ಮಧ್ಯಾಹ್ನಕ್ಕೇ ಉಗಾರ ಖುರ್ದಕ್ಕೆ ಬಂದೆ. ಸಕ್ಕರೆ ಕಾರ್ಖಾನೆಯ ಕಡೆ ಕಬ್ಬಿನ ಬಂಡಿಗಳ ಸಾಲು, ಗಾಳಿಯಲ್ಲಿ ಬೆಲ್ಲದಂಥ ವಾಸನೆ. ಶಾಫ್ಟ್ ಮಾಡಿಸಬೇಕಿದ್ದದ್ದು ಕಬ್ಬಿಣ ಕಡೆಯುವ ಲೇತ್ ನಡೆಸುವ ಶ್ರೀಪಾಲನಲ್ಲಿ; ಅವನ ಅಂಗಡಿ ಆ ಸಾಲಿನ ಎದುರಿಗೇ. ಎರಡು ಸಾಮಾನು ಸಿಕ್ಕಿದ ಹುರುಪಿನಲ್ಲಿ ಕಬ್ಬನ್ನು ಒಂದು ಬಂಡಿಗೆ ಆನಿಸಿ ಚಹಾ ಕುಡಿಯಲು ನಿಂತೆ. ಬಸಿ ಕೆಳಗಿಡುವಷ್ಟರಲ್ಲಿ ಬಿಳಿಯ ಎತ್ತೊಂದು ನನ್ನ ಅಳತೆಯನ್ನು ಅರ್ಧ ಜಗಿದಿತ್ತು.

"ಅಯ್ಯಯ್ಯೋ, ನನ್ನ ಶಾಫ್ಟು!" ಎಂದು ಕೂಗಿದೆ.

ಬಂಡಿಯ ಯಜಮಾನ ಗಾಬರಿಯಾಗಿ ಓಡಿ ಬಂದ. "ತಪ್ಪಾತ್ರಿ ಸಾಹೇಬ್ರ. ಒಂದಕ್ಕ ಹತ್ತ ಕಬ್ಬ ತಗೋರ್ರಿ!" ಹತ್ತಲ್ಲ, ಇಡೀ ಬಂಡಿ ಕೊಟ್ಟರೂ ಆ ಅಳತೆ ಬರುವಂತಿರಲಿಲ್ಲ. ನಾನು ತಲೆ ಹಿಡಿದು ಕುಳಿತೆ. ಶ್ರೀಪಾಲ ಲೇತ್ ನಿಲ್ಲಿಸಿ ಬಂದು ಎಲ್ಲ ಕೇಳಿದ. ಕಬ್ಬು ಹಿಡಿದು ಕಾರ್ಖಾನೆ ಮುಂದೆ ಬಂದವನನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಆಮೇಲೆ ಒಮ್ಮೆಲೇ ನಗು ನಿಲ್ಲಿಸಿದ.

"ಮಾಸ್ತರ್ರ, ಅಳೀವಾಗ ಗಾಡಿ ನೆಲದ ಮ್ಯಾಲ ಇತ್ತೋ, ಜಾಕ್ ಮ್ಯಾಲೋ?"

"ಜಾಕಿನ ಮೇಲೆ."

"ಗಾಲಿ ಜೋತಬಿದ್ದಾಗ ಅಳತಿ ಉದ್ದ ಬರತೈತ್ರಿ. ಅದರಂಗ ನಾ ಕೊಯ್ದ ಕೊಟ್ಟಿದ್ರ, ನಾಕ ಮಂದಿ ಕುಂತಕೂಡ್ಲೆ ಶಾಫ್ಟ ಹೋಗಿ ಗೇರ್‌ಬಾಕ್ಸಿಗೆ ಗುದ್ದತಿತ್ತು. ಇದೂ ಪುಡಿ ಆಗತಿತ್ತು."

ಎತ್ತಿಗೆ ಕೈಮುಗಿಯಬೇಕೋ ನನ್ನ ಗಣಿತಕ್ಕೆ ಕೈಮುಗಿಯಬೇಕೋ ತಿಳಿಯಲಿಲ್ಲ. ಉಳಿದ ತುಂಡನ್ನೂ ಎತ್ತಿನ ಬಾಯಿಗೇ ಕೊಟ್ಟೆ.

ಇನ್ನು ಚಿಕ್ಕೋಡಿಗೆ ಹೋಗಿ, ಸರಿಯಾಗಿ ಅಳೆದು, ಮತ್ತೆ ಇಲ್ಲಿಗೆ ಬರುವಷ್ಟು ದಿನಗಳಿರಲಿಲ್ಲ. ಶ್ರೀಪಾಲ ಗಡ್ಡ ಕೆರೆದುಕೊಂಡ. ಅಂದು ರಾತ್ರಿಯೊಳಗೆ ಶಾಫ್ಟಿನ ಎರಡೂ ತುದಿಗಳನ್ನು ಲೇತಿನಲ್ಲಿ ತಿರುವಿ ಸಿದ್ಧಮಾಡಿದ. ನಾಲ್ಕನೆಯ ದಿನ ಅಂಗಡಿಗೆ ಬೀಗ ಹಾಕಿ, ಇನ್ನೂ ಕತ್ತರಿಸದ ಕೊಳವೆಯನ್ನು ಹೆಗಲ ಮೇಲಿಟ್ಟುಕೊಂಡು ನನ್ನ ಜೊತೆ ಬಸ್ಸು ಹತ್ತಿದ. ಕಬ್ಬು ಅರೆಯುವ ಹಂಗಾಮಿನಲ್ಲಿ ಉಗಾರದ ಲೇತಿಗೆ ಬೀಗ ಹಾಕುವುದೆಂದರೆ ಎಷ್ಟು ನಷ್ಟವೆಂದು ಆ ಕಡೆಯವರಿಗೇ ಗೊತ್ತು. ಚಿಕ್ಕೋಡಿಯಲ್ಲಿ ಕಾರನ್ನು ನೆಲಕ್ಕಿಳಿಸಿ, ನಾಲ್ವರನ್ನು ಒಳಗೆ ಕೂರಿಸಿ ಅಳೆದ. ಮತ್ತೆ ಜಾಕ್ ಏರಿಸಿ ಅಳೆದು ತೋರಿಸಿದ. ಮುಕ್ಕಾಲು ಇಂಚು ಫರಕು. ಹುಸೇನ್ ಮಿಸ್ತ್ರಿ ನನ್ನತ್ತ ನೋಡಿದ, ನಾನು ಗೋಡೆಯತ್ತ ನೋಡಿದೆ. ಸಂಜೆಗೆ ಇಬ್ಬರೂ ಸೇರಿ ಶಾಫ್ಟ್ ಬೆಸೆದು ಕೂರಿಸಿದರು. ಕಾರು ಓಡಿತು.

ಐದನೆಯ ದಿನ ಶ್ರೀಪಾಲನನ್ನು ಉಗಾರದಲ್ಲಿ ಇಳಿಸಿ, ಕಾಗವಾಡದ ಮೇಲೆ ಮಿರಜಿಗೆ ಹೋದೆ. ಗೇರ್‌ಬಾಕ್ಸಿನ ಸಂಗತಿಯನ್ನು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಪಾಠ ಮಾಡಿಕೊಂಡಿದ್ದೆ. ಆದರೆ ಒಂದು ಕಣ್ಣಿಗೆ ಹಸಿರು ಪಟ್ಟಿ, ಇನ್ನೊಂದು ಕಣ್ಣೂ ಮಂಜು, ಹೆಂಡತಿ ಜಿನ್ನವ್ವನ ಕೈ ಹಿಡಿದು ಬಂದ ಪಾಯಪ್ಪಣ್ಣ ಕಾರಿನ ಬಾನೆಟ್ ತಡವಿ, "ಬಂದೇನಪಾ?" ಎಂದು ಅದನ್ನೇ ಮಾತಾಡಿಸಿದಾಗ ನನ್ನ ಪಾಠ ಬಿಟ್ಟು ಹಿಂದಿನ ಬಾಗಿಲು ತೆರೆದೆ. ಇಬ್ಬರೂ ಹಿಂದೆ ಕುಳಿತರು. ಹೇಳದಿದ್ದರೂ ನಡೆದೀತು ಎಂದು ಹೇಡಿಯಂತೆ ಗಾಡಿ ಬಿಟ್ಟೆ.

ಕಾಗವಾಡ ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು. ನಾನು ಗೇರು ಬದಲಿಸಿದೆ.

"ಮಾಸ್ತರ, ಈ ಗಾಡಿಗೆ ಮೂರ ಗೇರ. ನೀ ಈಗ ನಾಕನೇದ್ದ ಹಾಕಿದಿ. ಎಲ್ಲಿಂದ ಬಂತದು?" ಎಂದರು ಪಾಯಪ್ಪಣ್ಣ, ಸದ್ದಿಗೇ ಕಿವಿಗೊಟ್ಟು.

ಗಾಡಿಯನ್ನು ಬದಿಗೆ ನಿಲ್ಲಿಸಿದೆ. ತಿರುಗಿ ಅವರ ಕೈ ಹಿಡಿದು ಎಲ್ಲ ಹೇಳಿದೆ.

"ಆ ಗೇರಿನ ಪೆಟ್ಟಿಗಿ ಒಂದ ವರ್ಷದಿಂದ ಕರಕರಾ ಅನ್ನಾಕತ್ತಿತ್ತೋ" ಎಂದರು. "ನಾ ನಿನಗ ಹೇಳಲಿಲ್ಲ. ಹೇಳಿದ್ರ ನೀ ಒಯ್ಯತಿದ್ದಿಲ್ಲ. ನಿನ್ನ ಮಗಳ ಲಗ್ನಕ್ಕ ನನ್ನ ಗಾಡಿ ಬರಬೇಕು ಅನ್ನೂದ ಒಂದ ಹಟ. ಆಮ್ಯಾಲ ದವಾಖಾನ್ಯಾಗ ಕಣ್ಣ ಕಟ್ಟಿಕೊಂಡ ಮಲಗಿದಾಗ ಒಂದ ಅಂಜಿಕಿ. ಹುಡಿಗಿ ಕುಂತಾಗ ನಡು ದಾರ್ಯಾಗ ನಿಂತ್ರ ಹೆಂಗ ಅಂತ. ನಿಂತಿತ್ತೇನೋ?"

"ಇಲ್ಲಣ್ಣಾ. ಅಕಿನ್ನ ಗಂಡನ ಮನಿ ಬಾಗಲಾ ಮುಟ್ಟಿಸೇ ಮುರದೈತಿ."

ಅವರು ದೊಡ್ಡದೊಂದು ಉಸಿರು ಬಿಟ್ಟು ಸೀಟಿಗೆ ಒರಗಿದರು. ಪಟ್ಟಿಯ ಕೆಳಗಿನಿಂದ ನೀರಿಳಿಯುತ್ತಿತ್ತು. "ಅಳಬ್ಯಾಡಂತ ಡಾಕ್ಟರ್ ಹೇಳ್ಯಾರ" ಎಂದು ಜಿನ್ನವ್ವ ಗದರಿದರು. ನನಗೆ ಹಾಗೆ ಯಾರೂ ಹೇಳಿರಲಿಲ್ಲ.

ಪಾಯಪ್ಪಣ್ಣ ಕಿಟಕಿಯ ಗಾಜು ಇಳಿಸಿದರು.

"ನಡಿ ಇನ್ನ. ನಾಕನೇದ್ದ ಹಾಕು, ಕೇಳೂನು."